ಕಿಡ್ನಿಗೆ ಹಿತವಾದ ಅಡುಗೆ ಎಣ್ಣೆ ಯಾವುದು? ಆರಿಸುವ ಮೊದಲು ತೂಗಿ ನೋಡಿ

ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಸ್ವಲ್ಪ ಏರಿದೆ ಅಂತ ರಿಪೋರ್ಟ್ ಬಂತೆಂದರೆ ಎಷ್ಟೋ ಮನೆಗಳಲ್ಲಿ ಮೊದಲು ಬದಲಾಗುವುದು ಎಣ್ಣೆ ಡಬ್ಬಿ. ಒಬ್ಬರು ಗಾಣದ ಎಣ್ಣೆ ತನ್ನಿ ಅನ್ನುತ್ತಾರೆ. ಇನ್ನೊಬ್ಬರು ರೈಸ್ ಬ್ರಾನ್ ಅನ್ನುತ್ತಾರೆ. ಕರಾವಳಿಯ ನೆಂಟರು ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಮುಟ್ಟಲೇಬೇಡಿ ಎಂದು ಹೇಳಿ ಹೋಗುತ್ತಾರೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ನಿಜವಿದೆ, ಅದಕ್ಕೇ ಗೊಂದಲ ಹೆಚ್ಚು.

ಮೊದಲೇ ಒಂದು ಮಾತು. ಕಿಡ್ನಿ ಹಾಳಾಗಲು ದೊಡ್ಡ ಕಾರಣಗಳು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಅದರ ಹಿಂದೆಯೇ ಮೈಕೈ ನೋವಿಗೆ ತಿಂಗಳಾನುಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಬರುತ್ತವೆ. ಇವನ್ನು ಬಿಟ್ಟು ಬರೀ ಎಣ್ಣೆ ಬದಲಿಸಿದರೆ ಕಿಡ್ನಿ ಉಳಿಯುವುದಿಲ್ಲ. ಆದರೆ ಎಣ್ಣೆ ಪ್ರತಿದಿನ ಮೂರು ಹೊತ್ತೂ ಹೊಟ್ಟೆಗೆ ಹೋಗುವ ವಸ್ತು. ಸರಿಯಾದದ್ದನ್ನು ಆರಿಸಿ ಸರಿಯಾಗಿ ಬಳಸಿದರೆ ವರ್ಷಗಟ್ಟಲೆ ಲಾಭ.

ಎಣ್ಣೆಗೂ ಕಿಡ್ನಿಗೂ ಏನು ಸಂಬಂಧ

ಎರಡೂ ಕಿಡ್ನಿ ಸೇರಿ ತೂಕ ಸುಮಾರು 300 ಗ್ರಾಂ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಪಾಲು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಅಲ್ಲಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಿ ಇಳಿಯುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಒಳಗಿನ ಸಣ್ಣ ನಾಳಗಳು ಮತ್ತೆ ಹೀರಿಕೊಳ್ಳುತ್ತವೆ. ಹೀಗೆ ಬಿಡುವಿಲ್ಲದೆ ದುಡಿಯುವ ಆ ನಾಳಗಳ ಜೀವಕೋಶಗಳಿಗೆ ಮುಖ್ಯ ಉರುವಲು ಕೊಬ್ಬು. ಬರುವ ಕೊಬ್ಬು ಅವು ಉರಿಸಬಲ್ಲದ್ದಕ್ಕಿಂತ ಹೆಚ್ಚಾದರೆ ಹನಿಹನಿಯಾಗಿ ಕೋಶದೊಳಗೇ ಶೇಖರವಾಗುತ್ತದೆ. ಆ ಕೊಬ್ಬು ಆಮ್ಲಜನಕದ ಜೊತೆ ಸೇರಿ ಕೆಟ್ಟಾಗ ಮಲಾನ್‌ಡೈಆಲ್ಡಿಹೈಡ್, 4-ಹೈಡ್ರಾಕ್ಸಿನೊನೆನಾಲ್ ಮುಂತಾದ ಚೂರುಗಳು ಹುಟ್ಟುತ್ತವೆ. ಇವು ಪ್ರೋಟೀನುಗಳಿಗೆ ಅಂಟಿಕೊಂಡು ಕೆಲಸ ಕೆಡಿಸುತ್ತವೆ, ರಕ್ಷಣಾ ಕೋಶಗಳನ್ನು ಕರೆಸಿ ಉರಿಯೂತ ಎಬ್ಬಿಸುತ್ತವೆ. ಉರಿಯೂತ ಆರದೆ ಉಳಿದ ಕಡೆ ಗಾಯದ ಕಲೆಯಂಥ ನಾರು ಕಟ್ಟುತ್ತದೆ. ಒಮ್ಮೆ ನಾರುಗಟ್ಟಿದ ಭಾಗ ಮತ್ತೆ ಸೋಸುವುದಿಲ್ಲ.

ಅಡುಗೆಮನೆಯಲ್ಲಿ ಎಣ್ಣೆ ಕೆಡುವುದೂ ಇದೇ ರಸಾಯನಕ್ರಿಯೆಯಿಂದ. ಬಾಣಲೆಯಲ್ಲಿ ಕೆಟ್ಟದ್ದರಲ್ಲಿ ಒಂದಿಷ್ಟು ಕರುಳಿನಿಂದ ರಕ್ತಕ್ಕೂ ಸೇರುತ್ತದೆ. ಕೆಟ್ಟ ಎಣ್ಣೆ ನೇರವಾಗಿ ಕಿಡ್ನಿಗೆ ಪೆಟ್ಟು ಕೊಡುತ್ತದೆ ಎನ್ನುವುದಕ್ಕೆ ಇರುವ ಸಾಕ್ಷ್ಯ ಬಹುಪಾಲು ಪ್ರಾಣಿಗಳ ಮೇಲಿನ ಪ್ರಯೋಗಗಳದ್ದು. ಮನುಷ್ಯರಲ್ಲಿ ಹೆಚ್ಚು ಗಟ್ಟಿಯಾಗಿ ಗೊತ್ತಿರುವುದು ರಕ್ತನಾಳದ ದಾರಿ: ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿ, ಕೆಟ್ಟು, ನಾಳದ ಗೋಡೆ ಸೇರುವುದು. ಕಿಡ್ನಿ ಕಾಯಿಲೆ ಇರುವವರಲ್ಲಿ ಡಯಾಲಿಸಿಸ್ ಹಂತ ತಲುಪುವವರಿಗಿಂತ ಹೃದಯದ ತೊಂದರೆಯಿಂದ ತೀರಿಕೊಳ್ಳುವವರೇ ಹೆಚ್ಚು. ಆದ್ದರಿಂದ ಹೃದಯವನ್ನು ಮರೆತು ಕಿಡ್ನಿಗೆ ಎಣ್ಣೆ ಆರಿಸುವ ಹಾಗಿಲ್ಲ.

ಯಾವ ಅಳತೆಗೋಲು ಹಿಡಿಯಬೇಕು

ಮೊದಲನೆಯದು, ಎಣ್ಣೆ ಕಾವಿಗೆ ಎಷ್ಟು ತಡೆಯುತ್ತದೆ. ಪ್ಯಾಕೆಟ್ಟಿನ ಹಿಂದೆ ಸ್ಯಾಚುರೇಟೆಡ್, ಮುಫಾ (ಮೊನೊಅನ್‌ಸ್ಯಾಚುರೇಟೆಡ್), ಪುಫಾ (ಪಾಲಿಅನ್‌ಸ್ಯಾಚುರೇಟೆಡ್) ಎಂದು ಮೂರು ಬಗೆಯ ಕೊಬ್ಬಿನ ಅಂಕಿ ಇರುತ್ತವೆ. ಆಮ್ಲಜನಕಕ್ಕೆ ಬೇಗ ಸಿಕ್ಕಿಬೀಳುವುದು ಪುಫಾ. ಮುಫಾದಲ್ಲಿ ಮುಖ್ಯವಾದ ಓಲಿಕ್ ಆಮ್ಲಕ್ಕೆ ಹೋಲಿಸಿದರೆ ಪುಫಾದ ಲಿನೋಲಿಕ್ ಸುಮಾರು ಹತ್ತು ಪಟ್ಟು, ಒಮೆಗಾ-3 ಬಗೆಯ ಲಿನೋಲೆನಿಕ್ ಸುಮಾರು ಇಪ್ಪತ್ತು ಪಟ್ಟು ವೇಗವಾಗಿ ಕೆಡುತ್ತವೆ. ಇಲ್ಲಿ ಬಹಳ ಜನ ಎಡವುತ್ತಾರೆ. ಹೊಗೆ ಏಳುವ ಉಷ್ಣತೆ ಹೆಚ್ಚಿದ್ದರೆ ಎಣ್ಣೆ ಗಟ್ಟಿ ಎಂದುಕೊಳ್ಳುತ್ತಾರೆ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಹೊಗೆಯಾಡುವುದು ತಡ, ಆದರೂ ಹೊಗೆ ಕಾಣುವ ಎಷ್ಟೋ ಮೊದಲೇ ಅದರೊಳಗೆ ಕೆಡುವ ಕೆಲಸ ಶುರುವಾಗಿರುತ್ತದೆ.

ಎರಡನೆಯದು, ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಎಷ್ಟು. ಇದು ಮೊದಲನೆಯದರ ಎದುರು ದಿಕ್ಕಿಗೆ ಎಳೆಯುತ್ತದೆ, ಏಕೆಂದರೆ ಸ್ಯಾಚುರೇಟೆಡ್ ಹೆಚ್ಚಿದಷ್ಟೂ ಎಣ್ಣೆ ಕಾವಿಗೆ ತಡೆಯುತ್ತದೆ. ಎಣ್ಣೆ ಆಯ್ಕೆಯ ಇಡೀ ತಾಕಲಾಟ ಇದೇ. ಈ ಎರಡರ ನಡುವೆ ನಿಲ್ಲುವ ಎಣ್ಣೆಗಳು ಮುಫಾ ಹೆಚ್ಚಿರುವಂಥವು.

ಮೂರನೆಯದು ತಯಾರಿ. ರಿಫೈನ್ ಮಾಡುವಾಗ ವಾಸನೆ ತೆಗೆಯಲು ಎಣ್ಣೆಯನ್ನು 200 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಆಗ 3-ಎಂಸಿಪಿಡಿ ಎಸ್ಟರ್ ಎನ್ನುವ ಕಲ್ಮಷ ಹುಟ್ಟುತ್ತದೆ, ತಾಳೆ ಎಣ್ಣೆಯಲ್ಲಿ ಇದು ಹೆಚ್ಚು. ಇಲಿಗಳ ಮೇಲಿನ ಪರೀಕ್ಷೆಗಳಲ್ಲಿ ಈ ವಸ್ತು ಕಿಡ್ನಿಯ ನಾಳಗಳಿಗೆ ಹಾನಿ ಮಾಡಿತು. ಅದರ ಆಧಾರದ ಮೇಲೆಯೇ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಕೆ.ಜಿ. ದೇಹತೂಕಕ್ಕೆ ದಿನಕ್ಕೆ 2 ಮೈಕ್ರೋಗ್ರಾಂ ಎಂದು ಮಿತಿ ಇಟ್ಟಿತು. ಹಾಗಂತ ರಿಫೈನ್ ಮಾಡದ ಎಣ್ಣೆಯೆಲ್ಲ ಶುದ್ಧ ಎಂದೇನಿಲ್ಲ, ಅದನ್ನು ಶೇಂಗಾ ವಿಚಾರದಲ್ಲಿ ನೋಡೋಣ.

ಉಳಿದವು ದೇಹ ತಾನೇ ತಯಾರಿಸಿಕೊಳ್ಳಲಾಗದ ಒಮೆಗಾ-3 ಕೊಬ್ಬು ಸಿಗುತ್ತದೆಯೇ, ಬೆಲೆ ಎಷ್ಟು, ಮನೆಯವರ ನಾಲಿಗೆಗೆ ಒಗ್ಗುತ್ತದೆಯೇ ಎಂಬವು. ನಾಲಿಗೆಗೆ ಒಗ್ಗದ ಎಣ್ಣೆ ತಿಂಗಳೊಪ್ಪತ್ತಿನಲ್ಲಿ ಮೂಲೆ ಸೇರುತ್ತದೆ, ಅದನ್ನು ಕಡೆಗಣಿಸಬೇಡಿ.

ಇವೆಲ್ಲಕ್ಕೂ ಮೇಲಿರುವುದು ಪ್ರಮಾಣ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎನ್ನುವುದು ನೆನಪಿಡಲು ಸುಲಭ. ಅದು ದಿನಕ್ಕೆ ಸುಮಾರು 15 ಗ್ರಾಂ, ಎಂದರೆ ಮೂರು ಟೀ ಚಮಚಕ್ಕಿಂತ ತುಸು ಹೆಚ್ಚು. ನಾಲ್ಕು ಜನರ ಮನೆಗೆ ತಿಂಗಳಿಗೆ 2 ಲೀಟರ್. ನಾಲ್ಕು ಐದು ಲೀಟರ್ ಖಾಲಿಯಾಗುವ ಮನೆಯಲ್ಲಿ ಯಾವ ಎಣ್ಣೆ ಎನ್ನುವ ಚರ್ಚೆ ಆಮೇಲಿನದು.

ಒಂದೊಂದಾಗಿ

ಶೇಂಗಾ ಎಣ್ಣೆ. ಸ್ಯಾಚುರೇಟೆಡ್ ಶೇ. 20ರ ಒಳಗೆ, ಮುಫಾ ಅರ್ಧದ ಹತ್ತಿರ, ಪುಫಾ ಶೇ. 30ರ ಆಸುಪಾಸು. ಒಗ್ಗರಣೆಗೂ ಬರುತ್ತದೆ, ಪಲ್ಯಕ್ಕೂ ಬರುತ್ತದೆ, ಹಬ್ಬಕ್ಕೆ ಒಂದು ಸಲ ಕರಿಯಲೂ ತಡೆಯುತ್ತದೆ. ನಮ್ಮ ಅಡುಗೆಗೆ ಒಂದೇ ಎಣ್ಣೆ ಇಟ್ಟುಕೊಳ್ಳಬೇಕೆಂದರೆ ನಮ್ಮ ಆಯ್ಕೆ ಇದು. ಒಮೆಗಾ-3 ಇಲ್ಲದಿರುವುದು ಇದರ ಕೊರತೆ, ಅದನ್ನು ಬೇರೆ ಕಡೆಯಿಂದ ತುಂಬಬೇಕು.

ಗಾಣದ್ದೋ ರಿಫೈನ್ಡೋ? ಗಾಣದ ಎಣ್ಣೆಯಲ್ಲಿ ವಿಟಮಿನ್ ಇ ಹೆಚ್ಚು ಉಳಿಯುತ್ತದೆ, ಘಮ ಇರುವುದರಿಂದ ಸ್ವಲ್ಪದರಲ್ಲೇ ರುಚಿ ಬರುತ್ತದೆ. ಅಪಾಯ ಇರುವುದು ಬೂಷ್ಟು ಹಿಡಿದ ಬೀಜದಲ್ಲಿ. ಅಂಥ ಬೀಜದ ಅಫ್ಲಾಟಾಕ್ಸಿನ್ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿದರೂ, ಸರಿಯಾಗಿ ತಿಳಿಯಾಗದ ಎಣ್ಣೆಯ ಮಡ್ಡಿಯ ಜೊತೆ ಒಂದಿಷ್ಟು ಮನೆಗೆ ಬರುತ್ತದೆ. ರಿಫೈನ್ ಮಾಡುವಾಗ ಅದು ಹೊರಟುಹೋಗುತ್ತದೆ. ಆದ್ದರಿಂದ ಗಾಣಕ್ಕೆ ಹೋದರೆ ಎಣ್ಣೆಗಿಂತ ಮೊದಲು ಬೀಜದ ಚೀಲ ನೋಡಿ. ಕಪ್ಪಾದ, ಸುರುಟಿದ, ಹಸಿರು ಬೂಷ್ಟಿನ ಬೀಜ ಆರಿಸಿ ತೆಗೆಯುತ್ತಾರೆಯೇ ಕೇಳಿ. ಕ್ಯಾನಿನ ತಳದಲ್ಲಿ ಮಡ್ಡಿ ಇದ್ದರೆ ಕೊಳ್ಳಬೇಡಿ. ಬೆಲೆಯಲ್ಲೂ ಒಂದು ಲೆಕ್ಕವಿದೆ. ಒಂದು ಕೆ.ಜಿ. ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಶೇಂಗಾ ಬೀಜ ಬೇಕು. ಹಿಂಡಿ ಮಾರಿದ ದುಡ್ಡು ಕಳೆದರೂ, ಎರಡು ಕೆ.ಜಿ. ಬೀಜದ ಬೆಲೆಗಿಂತ ತೀರಾ ಅಗ್ಗವಾಗಿ ಗಾಣದ ಎಣ್ಣೆ ಸಿಗುತ್ತಿದ್ದರೆ ಅದರಲ್ಲಿ ಬೇರೇನೋ ಬೆರೆತಿದೆ ಎಂದು ಅನುಮಾನಿಸಿ.

ಸೂರ್ಯಕಾಂತಿ ಮತ್ತು ಕುಸುಬೆ. ಇವೆರಡೂ ಪುಫಾ ಭಂಡಾರ. ಸೂರ್ಯಕಾಂತಿಯಲ್ಲಿ ಶೇ. 60ರ ಮೇಲೆ, ಕುಸುಬೆಯಲ್ಲಿ ಶೇ. 75ರ ಹತ್ತಿರ. ಇವನ್ನು ವಿಷ ಎಂದು ಬಿಂಬಿಸುವ ವಿಡಿಯೊಗಳನ್ನು ನಂಬಬೇಡಿ. ಹದವಾಗಿ ಬಳಸಿದರೆ ಇವು ಎಲ್‌ಡಿಎಲ್ ಇಳಿಸುತ್ತವೆ, ಕಿಡ್ನಿಗೂ ಅದರಿಂದ ಒಳ್ಳೆಯದೇ. ತೊಂದರೆ ಬರುವುದು ಕರಿಯುವುದರಲ್ಲಿ. ಬೋಂಡಾ ಕರಿದು, ಉಳಿದ ಸೂರ್ಯಕಾಂತಿ ಎಣ್ಣೆಯನ್ನು ಮರುದಿನ ಪೂರಿಗೆ ಹಾಕಿ, ಅದರಲ್ಲೂ ಉಳಿದದ್ದನ್ನು ಸಾರಿನ ಒಗ್ಗರಣೆಗೆ ಮುಗಿಸುವುದು ನಮ್ಮಲ್ಲಿ ಮಾಮೂಲು. ಕೆಟ್ಟ ಕೊಬ್ಬು ಮನೆಯೊಳಗೆ ಬರಲು ಇದಕ್ಕಿಂತ ನೇರ ದಾರಿ ಇಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಕುಸುಬೆ ಎಣ್ಣೆಯನ್ನು ಹಸಿಯಾಗಿ ಚಟ್ನಿಪುಡಿಯ ಮೇಲೆ, ರೊಟ್ಟಿಯ ಜೊತೆ ಹಾಕಿಕೊಳ್ಳುವ ಪದ್ಧತಿ ಇದೆಯಲ್ಲ, ಅದು ಈ ಎಣ್ಣೆಗೆ ಹೇಳಿ ಮಾಡಿಸಿದ ಬಳಕೆ. ‘ಹೈ ಓಲಿಕ್’ ಎಂದು ಬರೆದ ಸೂರ್ಯಕಾಂತಿ ಎಣ್ಣೆಯ ಕತೆಯೇ ಬೇರೆ, ಅದರಲ್ಲಿ ಮುಫಾ ಶೇ. 80ರ ಹತ್ತಿರ ಇರುತ್ತದೆ, ಕಾವಿಗೆ ಚೆನ್ನಾಗಿ ತಡೆಯುತ್ತದೆ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರಿಗೆ ಅದು ಸುಲಭವಾಗಿ ಸಿಗುತ್ತದೆ.

ತೌಡಿನ ಎಣ್ಣೆ, ಅಂದರೆ ರೈಸ್ ಬ್ರಾನ್. ಸ್ಯಾಚುರೇಟೆಡ್ ಶೇ. 20ರ ಹತ್ತಿರ, ಮುಫಾ ಶೇ. 40, ಪುಫಾ ಶೇ. 35. ಅಂಕಿಗಳಲ್ಲಿ ಶೇಂಗಾಕ್ಕೆ ಸಮೀಪ. ಜೊತೆಗೆ ಒರೈಜನಾಲ್ ಇದೆ, ಅದು ಕೊಲೆಸ್ಟ್ರಾಲ್ ಇಳಿಸಲು ಸ್ವಲ್ಪ ನೆರವಾಗುತ್ತದೆ, ಎಣ್ಣೆ ಬೇಗ ಕೆಡದಂತೆಯೂ ತಡೆಯುತ್ತದೆ. ಇದನ್ನು ರಿಫೈನ್ ಮಾಡದೆ ಬಳಸಲಾಗುವುದಿಲ್ಲ, ಭತ್ತ ಮಿಲ್ ಮಾಡಿದ ಕೂಡಲೇ ತೌಡಿನೊಳಗಿನ ಕಿಣ್ವ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ‘ಗಾಣದ ರೈಸ್ ಬ್ರಾನ್’ ಎಂದು ಯಾರಾದರೂ ಮಾರಿದರೆ ದೂರ ಇರಿ. ಕೊಳ್ಳುವಾಗ ‘ಫಿಸಿಕಲಿ ರಿಫೈನ್ಡ್’ ಎಂದಿರುವುದನ್ನು ನೋಡಿ, ಕ್ಷಾರ ಹಾಕಿ ರಿಫೈನ್ ಮಾಡಿದರೆ ಒರೈಜನಾಲ್ ಬಹುಪಾಲು ಹೋಗಿಬಿಡುತ್ತದೆ. ಬೆಲೆ ಕಮ್ಮಿ, ವಾಸನೆ ಕಮ್ಮಿ, ಕರಿಯಲೂ ಆಗುತ್ತದೆ.

ಕೊಬ್ಬರಿ ಎಣ್ಣೆ. ಇದರಲ್ಲಿ ಸ್ಯಾಚುರೇಟೆಡ್ ಶೇ. 90ರ ಹತ್ತಿರ, ಪುಫಾ ಇಲ್ಲವೇ ಇಲ್ಲ ಎನ್ನುವಷ್ಟು. ಆಮ್ಲಜನಕದ ವಿಚಾರ ಮಾತ್ರ ನೋಡಿದರೆ ಇದನ್ನು ಮೀರಿಸುವ ಎಣ್ಣೆ ಅಂಗಡಿಯಲ್ಲಿಲ್ಲ. ಆದರೆ ಇದು ಎಲ್‌ಡಿಎಲ್ ಏರಿಸುತ್ತದೆ, ಶೇಂಗಾ ಅಥವಾ ಸೂರ್ಯಕಾಂತಿಗೆ ಹೋಲಿಸಿದ ಪ್ರಯೋಗಗಳಲ್ಲಿ ಅದು ಸ್ಪಷ್ಟ. ಕಿಡ್ನಿ ಆಗಲೇ ಬಳಲಿದ್ದರೆ ಹೃದಯಕ್ಕೆ ಇನ್ನೊಂದು ಹೊರೆ ಯಾಕೆ? ಕರಾವಳಿಯವರಿಗೆ ಕೊಬ್ಬರಿ ಎಣ್ಣೆ ಪೂರಾ ಬಿಡಿ ಎಂದರೆ ಅಡುಗೆಯೇ ಬಿಟ್ಟ ಹಾಗೆ. ಪಲ್ಯ ಇಳಿಸುವಾಗ ಮೇಲಿನಿಂದ ಒಂದು ಟೀ ಚಮಚ ಹಾಕಿ, ಘಮ ಪೂರ್ತಿ ಸಿಗುತ್ತದೆ, ಬೇಯಿಸಲು ಶೇಂಗಾ ಇರಲಿ. ಗಸಿಗೆ ರುಬ್ಬಿದ ತೆಂಗಿನಕಾಯಿಯಲ್ಲೂ ಇದೇ ಕೊಬ್ಬಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಳ್ಳೆಣ್ಣೆ. ಮುಫಾ, ಪುಫಾ ಹೆಚ್ಚುಕಡಿಮೆ ಸಮ. ಪುಫಾ ಇಷ್ಟಿದ್ದರೂ ಸೆಸಮಾಲ್ ಮುಂತಾದ ಸ್ವಂತ ರಕ್ಷಕಗಳಿಂದ ನಿರೀಕ್ಷೆಗಿಂತ ಚೆನ್ನಾಗಿ ತಡೆಯುತ್ತದೆ. ಒಗ್ಗರಣೆಗೆ, ದೋಸೆಗೆ ಒಳ್ಳೆಯದು. ದುಬಾರಿ, ವಾಸನೆ ಜೋರು, ಹಾಗಾಗಿ ಎರಡನೇ ಎಣ್ಣೆಯಾಗಿಯೇ ಸರಿ. ಅಂಗಡಿಯಲ್ಲಿ ‘ದೀಪದ ಎಣ್ಣೆ’ ಎಂದು ಮಾರುವುದನ್ನು ಅಡುಗೆಗೆ ಮುಟ್ಟಲೇಬೇಡಿ.

ಸಾಸಿವೆ ಎಣ್ಣೆಯಲ್ಲಿ ಒಮೆಗಾ-3 ಇದೆ, ಜೊತೆಗೆ ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲ ಎಂಬ ಶಂಕೆ ಇರುವ ಎರುಸಿಕ್ ಆಮ್ಲವೂ ಧಾರಾಳ. ರೂಢಿ ಇರುವವರು ಬೇರೆ ಎಣ್ಣೆಯ ಜೊತೆ ಬದಲಿಸಿ ಬದಲಿಸಿ ಬಳಸಲಿ, ರೂಢಿ ಇಲ್ಲದವರು ಹೊಸದಾಗಿ ಶುರು ಮಾಡಬೇಕಾಗಿಲ್ಲ. ಆಲಿವ್ ಎಣ್ಣೆ ಒಳ್ಳೆಯದೇ, ಮುಫಾ ಶೇ. 70ರ ಮೇಲೆ. ಆದರೆ ಅದರ ದುಡ್ಡಿಗೆ ಶೇಂಗಾ ಎಣ್ಣೆ ಮತ್ತು ಒಂದಿಷ್ಟು ಸೊಪ್ಪು ತರಕಾರಿ ಎರಡೂ ಬರುತ್ತವೆ.

ತುಪ್ಪ ಬಿಸಿ ಅನ್ನಕ್ಕೆ ಒಂದು ಚಿಕ್ಕ ಚಮಚ ಹಾಕಿಕೊಂಡರೆ ಹೆದರಬೇಕಾಗಿಲ್ಲ. ಕರಿಯಲು ಮಾತ್ರ ಬೇಡ. ಹೆಚ್ಚು ಹೊತ್ತು ಕಾದರೆ ಅದರಲ್ಲಿರುವ ಕೊಲೆಸ್ಟ್ರಾಲೇ ಕೆಡುತ್ತದೆ, ಆ ಕೆಟ್ಟ ರೂಪ ರಕ್ತನಾಳಕ್ಕೆ ಹೆಚ್ಚು ಕ್ರೂರಿ. ತಾಳೆ ಎಣ್ಣೆ ಅರ್ಧಕ್ಕರ್ಧ ಸ್ಯಾಚುರೇಟೆಡ್. ನೀವು ತರದಿದ್ದರೂ ಬಿಸ್ಕತ್ತು, ಖಾರಾ ಮಿಕ್ಸ್ಚರ್, ಬೇಕರಿ ಪಫ್ ಮೂಲಕ ಮನೆಗೆ ಬಂದೇ ಬರುತ್ತದೆ, ಲೇಬಲ್ಲಿನಲ್ಲಿ ‘ಪಾಮೋಲಿನ್’ ಎಂಬ ಪದ ಹುಡುಕಿ. ವನಸ್ಪತಿಯ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇ. 2ರ ಮಿತಿ ಇದೆ, ಆದರೂ ಅದನ್ನು ಮನೆಗೆ ತರಲು ಯಾವ ಕಾರಣವೂ ಇಲ್ಲ.

ಮಿಶ್ರ ಎಣ್ಣೆಯ ಪ್ಯಾಕೆಟ್ ಕೊಳ್ಳುವವರು ಮುಂದಿನ ಚಿತ್ರ ಬಿಟ್ಟು ಸಣ್ಣ ಅಕ್ಷರ ಓದಿ. ಯಾವುದೇ ಎಣ್ಣೆ ಶೇ. 20ಕ್ಕಿಂತ ಕಮ್ಮಿ ಇರಬಾರದೆಂಬ ನಿಯಮವಿದೆ, ಹಾಗಾಗಿ ಮುಂದುಗಡೆ ದೊಡ್ಡದಾಗಿ ಬರೆದ ಎಣ್ಣೆ ಒಳಗೆ ಐದರಲ್ಲಿ ಒಂದು ಪಾಲು ಮಾತ್ರ ಇರಬಹುದು.

ಡಬ್ಬಿಯಲ್ಲಿ, ಬಾಣಲೆಯಲ್ಲಿ ಎಣ್ಣೆ ಕೆಡುವ ಬಗೆ

ಒಳ್ಳೆಯ ಎಣ್ಣೆಯನ್ನು ಕೆಟ್ಟದಾಗಿ ಇಟ್ಟರೆ ಮೇಲಿನ ಹೋಲಿಕೆಯೆಲ್ಲ ದಂಡ. ಬೆಳಕು, ಗಾಳಿ, ಕಾವು, ತಾಮ್ರ ಮತ್ತು ಕಬ್ಬಿಣ ಎಣ್ಣೆಯ ಶತ್ರುಗಳು. ಒಲೆಯ ಪಕ್ಕ ಪಾರದರ್ಶಕ ಬಾಟಲಿಯಲ್ಲಿ ಇಡುವುದನ್ನು ಇವತ್ತೇ ಬಿಡಿ. ಸ್ಟೀಲ್ ಕ್ಯಾನಿನಲ್ಲಿ ಮುಚ್ಚಿ, ಒಲೆಯಿಂದ ದೂರದ ಕಪಾಟಿನಲ್ಲಿಡಿ, ವಾರಕ್ಕೆ ಬೇಕಾದಷ್ಟನ್ನು ಸಣ್ಣ ಜಿಡ್ಡಿನ ಬಟ್ಟಲಿಗೆ ಬಗ್ಗಿಸಿಕೊಳ್ಳಿ. ಹಳೆ ಎಣ್ಣೆ ತಳದಲ್ಲಿರುವಾಗಲೇ ಹೊಸದನ್ನು ಸುರಿಯಬೇಡಿ, ಹಳತರಲ್ಲಿ ಹುಟ್ಟಿಕೊಂಡಿರುವ ಪೆರಾಕ್ಸೈಡ್‌ಗಳು ಹೊಸತನ್ನೂ ಬೇಗ ಕೆಡಿಸುತ್ತವೆ. ಕ್ಯಾನ್ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒಣಗಿಸಿ ತುಂಬಿ. ಗಾಣದ ಎಣ್ಣೆ ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ಕಮಟು ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಚೆಲ್ಲಿ.

ಕರಿಯಲೇಬೇಕಾದ ದಿನ ಚಿಕ್ಕ, ಆಳದ, ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಕಮ್ಮಿ ಎಣ್ಣೆ ಇಡಿ. ಅಗಲ ಬಾಣಲೆಯಲ್ಲಿ ಗಾಳಿಗೆ ತೆರೆದ ಮೈ ಜಾಸ್ತಿ. 170ರಿಂದ 180 ಡಿಗ್ರಿ ಸಾಕು. ಒಂದು ಚಿಟಿಕೆ ಹಿಟ್ಟು ಬಿಟ್ಟರೆ ತಳಕ್ಕೆ ಹೋಗಿ ತಕ್ಷಣ ಮೇಲೆ ಬರಬೇಕು, ಕಪ್ಪಾಗಬಾರದು. ಉದುರಿದ ಚೂರುಗಳನ್ನು ಪ್ರತಿ ಸುತ್ತಿಗೂ ಜಾಲರಿಯಲ್ಲಿ ತೆಗೆಯಿರಿ, ಸುಟ್ಟ ಚೂರು ಎಣ್ಣೆಯನ್ನು ಎಳೆದು ಕೆಡಿಸುತ್ತದೆ. ಮುಗಿದ ಮೇಲೆ ಕಬ್ಬಿಣದ ಬಾಣಲೆಯಲ್ಲೇ ರಾತ್ರಿ ಬಿಡಬೇಡಿ, ಆರಿದ ಕೂಡಲೇ ಬಟ್ಟೆಯಲ್ಲಿ ಸೋಸಿ ತೆಗೆದಿಟ್ಟು ಎರಡು ಮೂರು ದಿನದಲ್ಲಿ ಪಲ್ಯಕ್ಕೆ ಮುಗಿಸಿ. ಮತ್ತೊಮ್ಮೆ ಕರಿಯಲು ಬೇಡ. ಹೋಟೆಲುಗಳಿಗೆ ಕರಿದ ಎಣ್ಣೆಯಲ್ಲಿ ‘ಟೋಟಲ್ ಪೋಲಾರ್ ಕಾಂಪೌಂಡ್’ (ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ. 25 ದಾಟಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಮನೆಯಲ್ಲಿ ಅದನ್ನು ಅಳೆಯುವ ಯಂತ್ರ ಇರುವುದಿಲ್ಲ. ನೊರೆ ಇಳಿಯದೆ ನಿಲ್ಲುವುದು, ಎಣ್ಣೆ ಮಂದವಾಗಿ ಎಳೆಯೆಳೆಯಾಗಿ ಸುರಿಯುವುದು, ಮೊದಲಿಗಿಂತ ಬೇಗ ಹೊಗೆಯಾಡುವುದು, ಇವು ಕಂಡರೆ ಎಣ್ಣೆ ಹೋಯಿತು ಎಂದೇ ಅರ್ಥ.

ಇನ್ನೂ ಒಳ್ಳೆಯದೆಂದರೆ ಅದೇ ಹಿಟ್ಟನ್ನು ಪಡ್ಡಿನ ಮಣೆಗೆ ತಿರುಗಿಸುವುದು. ಉದ್ದಿನ ವಡೆ ಹಿಟ್ಟಿಗೆ ಸ್ವಲ್ಪ ನೀರು ಸೇರಿಸಿ ಗುಳಿಗೆ ನಾಲ್ಕೈದು ಹನಿ ಎಣ್ಣೆ ಬಿಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿದರೆ ಇಡೀ ಮಣೆಗೆ ಎರಡು ಟೀ ಚಮಚ ಎಣ್ಣೆಯೂ ಹಿಡಿಯುವುದಿಲ್ಲ.

ಯಾರಿಗೆ ಯಾವುದು

ಬಜೆಟ್ ಬಿಗಿ ಇದ್ದರೆ: ತಿಂಗಳಿಗೆ 4 ಲೀಟರ್ ಬಳಸುವ ಮನೆ, ಲೀಟರಿಗೆ 150 ರೂಪಾಯಿ ಎಂದಿಟ್ಟುಕೊಳ್ಳಿ, 600 ಆಯಿತು. ಅದೇ ಮನೆ 2 ಲೀಟರಿಗೆ ಇಳಿದರೆ ಅದೇ ದುಡ್ಡಿನಲ್ಲಿ ಲೀಟರಿಗೆ 300 ರೂಪಾಯಿಯ ಎಣ್ಣೆ ಬರುತ್ತದೆ. ಇಳಿಸಲು ಸುಲಭದ ದಾರಿ, ಕ್ಯಾನಿನಿಂದ ನೇರವಾಗಿ ಸುರಿಯುವುದು ಬಿಟ್ಟು ಟೀ ಚಮಚದಲ್ಲಿ ಅಳೆಯುವುದು. ಅಷ್ಟೂ ಆಗದಿದ್ದರೆ ರೈಸ್ ಬ್ರಾನ್ ಪ್ಯಾಕೆಟ್ ಸಾಕು. ಬಿಡಿ ಎಣ್ಣೆ ಮಾತ್ರ ಬೇಡ.

ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದು ಕಿಡ್ನಿ ಇನ್ನೂ ಚೆನ್ನಾಗಿದ್ದರೆ: ನಾಲ್ಕು ಜನರ ಮನೆಗೆ ತಿಂಗಳಿಗೆ ಶೇಂಗಾ ಮತ್ತು ರೈಸ್ ಬ್ರಾನ್ ಒಂದೊಂದು ಲೀಟರ್, ಜೊತೆಗೆ ಒಬ್ಬರಿಗೆ ದಿನಕ್ಕೆ ಒಂದು ಟೇಬಲ್ ಚಮಚ ಅಗಸೆ ಪುಡಿ. 7 ಗ್ರಾಂ ಪುಡಿಯಲ್ಲಿ ಸುಮಾರು 1.6 ಗ್ರಾಂ ಒಮೆಗಾ-3 ಸಿಗುತ್ತದೆ. ಅಗಸೆಯನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಮಾತ್ರ ಹುರಿದು, ವಾರಕ್ಕಾಗುವಷ್ಟೇ ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ. ಇಡೀ ಕಾಳು ನುಂಗಿದರೆ ಹಾಗೇ ಹೊರಹೋಗುತ್ತದೆ. ಮೀನು ತಿನ್ನುವವರಿಗೆ ವಾರಕ್ಕೆರಡು ಸಲ ಬಂಗುಡೆ ಅಥವಾ ಬೂತಾಯಿ ಸಾರು ಇದಕ್ಕಿಂತ ಮೇಲು, ತವಾ ಮೇಲೆ ಕರಿದದ್ದಲ್ಲ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಜೊತೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನೂ (ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆಯೇ ಎಂದು ತೋರಿಸುವುದು) ಪರೀಕ್ಷಿಸಿ. ಅದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ. ದಾಟಿದ್ದರೆ ಕ್ರಿಯಾಟಿನಿನ್ ಸರಿ ಇದ್ದರೂ ವೈದ್ಯರನ್ನು ಕಾಣಿ.

ಕಿಡ್ನಿ ಕಲ್ಲು ಇರುವವರು: ಶೇಂಗಾ ಬೀಜ, ಎಳ್ಳಿನಲ್ಲಿ ಆಕ್ಸಲೇಟ್ ಇದೆ ಎಂದು ಅವುಗಳ ಎಣ್ಣೆಯನ್ನೂ ಬಿಡುತ್ತಾರೆ. ಆಕ್ಸಲೇಟ್ ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಎಣ್ಣೆ ಧೈರ್ಯವಾಗಿ ಬಳಸಿ, ಚಿಕ್ಕಿ ಮತ್ತು ಎಳ್ಳುಂಡೆಗೆ ಮಿತಿ ಇರಲಿ.

ಇ-ಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) 60ಕ್ಕಿಂತ ಇಳಿದವರು: ಎಣ್ಣೆ ಶೇಂಗಾ ಅಥವಾ ರೈಸ್ ಬ್ರಾನ್, ಕೊಬ್ಬರಿ ಮತ್ತು ತುಪ್ಪ ರುಚಿಗಷ್ಟೇ. ಇವರಿಗೆ ಎಣ್ಣೆಗಿಂತ ಉಪ್ಪು ಹೆಚ್ಚು ಮುಖ್ಯ, ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ. ಅಗಸೆ ಚಟ್ನಿಪುಡಿಗೂ ಉಪ್ಪಿಲ್ಲದೆ ಹುಣಸೆ, ಬೆಳ್ಳುಳ್ಳಿ, ಮೆಣಸಿನಕಾಯಿಯಲ್ಲೇ ರುಚಿ ತನ್ನಿ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್, ಕಿಡ್ನಿ ಸೋತವರಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು, ವೈದ್ಯರನ್ನು ಕೇಳದೆ ಬೇಡ. ವಿಟಮಿನ್ ಇ, ಮೀನೆಣ್ಣೆ ಕ್ಯಾಪ್ಸೂಲ್‌ಗಳನ್ನೂ ಸ್ವಂತ ನಿರ್ಧಾರದಿಂದ ನುಂಗಬೇಡಿ.

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಲೆಕ್ಕ ಪೂರ್ತಿ ಬೇರೆ. ಅವರಲ್ಲಿ ಹಲವರಿಗೆ ಹಸಿವೆ ಕಮ್ಮಿ, ಮೈಯಿಳಿದು ಸ್ನಾಯು ಕರಗುತ್ತಿರುತ್ತದೆ. ಎಣ್ಣೆಯಲ್ಲಿ ಪೊಟ್ಯಾಸಿಯಂ ಇಲ್ಲ, ರಂಜಕ ಇಲ್ಲ, ಒಂದು ಗ್ರಾಂಗೆ 9 ಕ್ಯಾಲೊರಿ ಕೊಡುತ್ತದೆ. ಬೇಳೆ, ಹಣ್ಣು, ಹಾಲಿಗೆ ಮಿತಿ ಇರುವ ತಟ್ಟೆಯಲ್ಲಿ ಶಕ್ತಿ ತುಂಬಲು ಅದು ಸುಲಭದ ದಾರಿ. ಮೇಲೆ ಹೇಳಿದ ಅರ್ಧ ಲೀಟರ್ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಅನ್ನಕ್ಕೆ ಹಸಿ ಶೇಂಗಾ ಎಣ್ಣೆ ಒಂದು ಚಮಚ ಹೆಚ್ಚೇ ಕಲಸಿಕೊಡಬಹುದು, ಎಷ್ಟು ಎನ್ನುವುದನ್ನು ಡಯಾಲಿಸಿಸ್ ಕೇಂದ್ರದ ಆಹಾರತಜ್ಞರು ತೂಕ ಮತ್ತು ರಕ್ತದ ಅಲ್ಬುಮಿನ್ ನೋಡಿ ಹೇಳುತ್ತಾರೆ.